ದಾವಣಗೆರೆಯಲ್ಲಿ ಮನೆಯಲ್ಲೇ ಬ್ರೆಡ್ ಮಾಡಿ ಮಾರಿ, ಬಂದ ಹಣವನ್ನು ಯುದ್ಧದಲ್ಲಿ ನೊಂದವರಿಗೆ ಕಳಿಸಬೇಕೆಂದಿದ್ದೇನೆ. ಯಾವ ಬ್ರೆಡ್ ಮಾಡಲಿ, ಎಷ್ಟು ಬೆಲೆ ಇಡಲಿ?

ಬೆಲೆ ಆಮೇಲೆ. ಮೊದಲು ಹೇಳಿ, ನಿಮ್ಮ ಓವನ್‌ನಲ್ಲಿ ಒಂದು ಸಲಕ್ಕೆ ಎಷ್ಟು ಬ್ರೆಡ್ ಹಿಡಿಯುತ್ತೆ? ನನ್ನನ್ನು ಇದನ್ನು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

2022ರ ಮಾರ್ಚ್. ರಷ್ಯಾ ಉಕ್ರೇನ್ ಮೇಲೆ ಯುದ್ಧಕ್ಕೆ ಬಿದ್ದಿತ್ತು. ನಮ್ಮ ಅಕ್ಕನ ಮಗಳು ಉಕ್ರೇನಿನ ಖಾರ್ಕಿವ್‌ನಲ್ಲಿ ಮೆಡಿಕಲ್ ಓದುತ್ತಿದ್ದಳು. ಮೆಟ್ರೊ ಸ್ಟೇಷನ್ ನೆಲದ ಮೇಲೆ ಮಲಗಿದ್ದು, ಸಿಕ್ಕ ರೈಲು ಹತ್ತಿ, ಪೋಲೆಂಡ್ ಗಡಿ ದಾಟಿ ಬಂದಳು. ಅದೇ ಊರಲ್ಲಿ ಮಾರ್ಚ್ 1ರಂದು ದಿನಸಿಗೆ ಕ್ಯೂ ನಿಂತಿದ್ದ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ಹುಡುಗ ದಾಳಿಗೆ ಸಿಕ್ಕಿ ತೀರಿಕೊಂಡ. 21ಕ್ಕೆ ದೇಹ ಊರಿಗೆ ಬಂತು. ಹೆತ್ತವರು ಅದನ್ನು ನಮ್ಮ ದಾವಣಗೆರೆಯ ಎಸ್.ಎಸ್. ಮೆಡಿಕಲ್ ಕಾಲೇಜಿಗೆ ದಾನ ಕೊಟ್ಟರು. ಆ ವಾರ ನನಗೆ ಮನೆಯಲ್ಲಿ ಸುಮ್ಮನೆ ಕೂರೋಕೇ ಆಗಲಿಲ್ಲ.

ಅಕ್ಕನ ಮಗಳು ಅಲ್ಲಿನ ಪಾಲ್ಯಾನಿತ್ಸ್ಯ ಅನ್ನೋ ಬ್ರೆಡ್ ಬಗ್ಗೆ ಹೇಳುತ್ತಿದ್ದಳು. ಗುಂಡಗಿರುತ್ತೆ, ಒಂದು ಬದಿ ಚಾಕುವಿನಿಂದ ಗೀರಿ ಬೇಯಿಸಿದರೆ ಅಲ್ಲಿ ಟೋಪಿಯ ಅಂಚಿನ ಹಾಗೆ ಎದ್ದು ನಿಲ್ಲುತ್ತೆ. ಆ ಪದ ರಷ್ಯನ್ನರ ಬಾಯಲ್ಲಿ ಹೊರಳಲ್ಲ ಅಂತ, ಯುದ್ಧದ ಹೊತ್ತಲ್ಲಿ ಅನುಮಾನ ಬಂದವರ ಕೈಲಿ ಅದನ್ನೇ ಹೇಳಿಸುತ್ತಿದ್ದರಂತೆ. (ನನ್ನ ಬಾಯಲ್ಲೂ ಹೊರಳಲ್ಲ ಬಿಡಿ.) ಹುಟ್ಟುಹಬ್ಬಕ್ಕೆ ಕೇಕ್ ಮಾಡಿಕೊಡುತ್ತಿದ್ದ ಧೈರ್ಯದ ಮೇಲೆ ವಾಟ್ಸಾಪ್ ಗ್ರೂಪಲ್ಲಿ ಹಾಕಿದೆ: ಒಂದಕ್ಕೆ 100 ರೂಪಾಯಿ. ಸಂಜೆಯೊಳಗೆ 40 ಆರ್ಡರ್, ದುಡ್ಡೆಲ್ಲ ಮುಂಗಡ.

ಭಾನುವಾರ ಬೆಳಗಿನ ಜಾವ 4ಕ್ಕೆದ್ದು 10 ಕೆಜಿ ಮೈದಾ ಒಂದೇ ಸಲ ಕಲಸಿಬಿಟ್ಟೆ. ತಪ್ಪು ಇಲ್ಲೇ. ಬಿಡಿಸಿ ಹೇಳ್ತೀನಿ, ಬೇಜಾರಾದರೂ ಓದಿ. ನನ್ನ ಓಟಿಜಿಯಲ್ಲಿ (ಮನೆಯ ಚಿಕ್ಕ ಕರೆಂಟ್ ಓವನ್) ಹಿಡಿಯೋದು ಎರಡು ಬ್ರೆಡ್. ಒಂದು ಸುತ್ತಿಗೆ 35 ನಿಮಿಷ. 40 ಬ್ರೆಡ್ಡಿಗೆ 20 ಸುತ್ತು, ಅಂದರೆ 11 ಗಂಟೆ 40 ನಿಮಿಷ! ಕೇಕನ್ನು ಒಂದೊಂದೇ ಕಲಸಿ ಒಂದೊಂದೇ ಇಡುತ್ತಿದ್ದವಳಿಗೆ ಈ ಲೆಕ್ಕ ತಲೆಗೇ ಹೋಗಿರಲಿಲ್ಲ. ಈಸ್ಟ್ ಬಿದ್ದ ಹಿಟ್ಟು ಅಷ್ಟು ಹೊತ್ತು ಕಾಯುತ್ತಾ? 'ಒಂದೂವರೆ ಗಂಟೆ ಉಬ್ಬಲು ಬಿಡಿ' ಅಂತ ಬರೆದ ಪುಣ್ಯಾತ್ಮರ ಅಡುಗೆಮನೆ 22 ಡಿಗ್ರಿ ಇರುತ್ತೆ. ನಮ್ಮಲ್ಲಿ ಮಾರ್ಚ್ ಕೊನೆ, ಪಕ್ಕದಲ್ಲೇ ಓವನ್ ಬಿಸಿಯಾಗುತ್ತಿದೆ. ಮುಕ್ಕಾಲು ಗಂಟೆಗೇ ಪಾತ್ರೆ ತುಂಬಿತು. 8ಕ್ಕೆ ಮೇಲಿನ ಬಟ್ಟೆ ತಳ್ಳಿಕೊಂಡು ಹೊರಗೆ ಬಂತು. ಬೆರಳಲ್ಲಿ ಒತ್ತಿದರೆ ಕುಳಿ ಹಾಗೇ ಉಳೀತು, ವಾಪಸ್ ಎದ್ದು ಬರಲಿಲ್ಲ. ಫ್ರಿಜ್ಜಿಗೆ ತುಂಬೋಣ ಅಂದರೆ ನೀರು ಸೇರಿ 16 ಕೆಜಿ ಆಗಿದೆ, ದೋಸೆ ಹಿಟ್ಟಿಗೇ ಅಲ್ಲಿ ಜಾಗ ಇಲ್ಲ. 10ರ ಹೊತ್ತಿಗೆ ಮನೆಯೆಲ್ಲ ಹೆಂಡದ ವಾಸನೆ. ಹಿಟ್ಟಿನಲ್ಲಿದ್ದ ಸಕ್ಕರೆಯನ್ನೆಲ್ಲ ಈಸ್ಟ್ ತಿಂದು ಮುಗಿಸಿದ ಮೇಲೆ ಬ್ರೆಡ್ ಎಷ್ಟು ಬೇಯಿಸಿದರೂ ಕೆಂಪಗಾಗಲ್ಲ, ಒಳಗೆ ಗಾಳಿಯೂ ನಿಲ್ಲಲ್ಲ. ಒಂಬತ್ತನೆಯದರಿಂದ ಮುಂದೆ ಎಲ್ಲವೂ ಬಿಳಿಚಿಕೊಂಡ ಚಪ್ಪಟೆ ಹುಳಿ ಮುದ್ದೆ.

32 ಜನಕ್ಕೆ 3,200 ರೂಪಾಯಿ ವಾಪಸ್ ಕೊಟ್ಟೆ. ಸರಿಯಾಗಿ ಬಂದ ಎಂಟರಲ್ಲಿ ಒಂದನ್ನು ಒಯ್ದಿದ್ದ ಎದುರುಮನೆ ಆಂಟಿ, "ಚಲೋ ಐತಿ ಬಿಡ್ರಿ, ಆದ್ರ ಚಾದಾಗ ಅದ್ದಿದ್ರೂ ಮೆತ್ತಗಾಗವಲ್ದು" ಅಂದರು.

ಮಾರನೇ ದಿನ ವಿದ್ಯಾನಗರದ ಬೇಕರಿ ಮಾಸ್ಟರ್ ಹತ್ತಿರ ಅತ್ತುಕೊಂಡೆ. ಹಾಸನ ಕಡೆಯವರು. "ಬೇಸಿಗೇಲಿ ನಾವೇ ಈಸ್ಟ್ ಕಮ್ಮಿ ಮಾಡಿ ಐಸ್ ನೀರಲ್ಲಿ ಕಲಸ್ತೀವಿ ಮೇಡಂ. ನಮ್ಮ ಭಟ್ಟೀಲಿ ಮಾಡೋಣ, ಆದ್ರೆ ಆ ಗುಂಡು ಬ್ರೆಡ್ ಬೇಡ, ಖಾರಾ ಬನ್ ಮಾಡೋಣ."

ಏಪ್ರಿಲ್ 3, ಯುಗಾದಿ ಮಾರನೇ ದಿನ. ಹೋಳಿಗೆ ತಿಂದು ತಿಂದು ಎಲ್ಲರ ಬಾಯಿ ಖಾರಕ್ಕೆ ಕಾದಿತ್ತು. ಕುಂದವಾಡ ಕೆರೆ ಹತ್ತಿರ ವಾಕಿಂಗ್ ಬರುವವರ ಎದುರು 300 ಬನ್ ಇಟ್ಟುಕೊಂಡು ನಿಂತೆವು. ಒಂದಕ್ಕೆ 20 ರೂಪಾಯಿ, 8 ಗಂಟೆಗೆ ಬುಟ್ಟಿ ಖಾಲಿ. ಒಬ್ಬರು ಅಜ್ಜ ಬೋರ್ಡ್ ಓದಿ, "ನಮ್ಮ ಚಳಗೇರಿ ಹುಡುಗ ಹೋದ ಊರಿಗೇನವ್ವ?" ಅಂತ ಕೇಳಿ, ಒಂದೇ ಬನ್ ತಗೊಂಡು 200 ಕೊಟ್ಟು ಚಿಲ್ಲರೆ ಬೇಡ ಅಂದರು. ಮಾಸ್ಟರ್ ಕೂಲಿ ತಗೊಳ್ಳಲಿಲ್ಲ. ಸಾಮಾನಿನ 2,100 ಕಳೆದು, ಅಜ್ಜನದೂ ಸೇರಿ 4,080 ಉಳೀತು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್‌ಗೆ ಹಾಕಿ, ರಸೀದಿಯನ್ನು ಗ್ರೂಪಲ್ಲಿ ಹಾಕಿದೆ.

ಹಾಗಾಗಿ 'ಯಾವ ಬ್ರೆಡ್' ಅನ್ನೋ ಪ್ರಶ್ನೆಯೇ ಸರಿಯಿಲ್ಲ ಅಂತೀನಿ. ಹಣವೊಂದೇ ಮುಖ್ಯ ಅನ್ನೋದಾದರೆ ಮೈದಾಕ್ಕೆ ಇಟ್ಟುಕೊಂಡ ದುಡ್ಡನ್ನು ಇವತ್ತು ರಾತ್ರಿಯೇ ಕಳಿಸಿ ಮಲಗಿ. ನಾಲ್ಕು ಜನರ ಬಾಯಲ್ಲಿ ಆ ಯುದ್ಧದ ಮಾತು ಬರಬೇಕು ಅನ್ನೋದಾದರೆ ಊರವರು ತಿನ್ನೋದನ್ನು, ಮಾಡಿ ಗೊತ್ತಿರೋರ ಕೈಲಿ ಮಾಡಿಸಿ. ಇಲ್ಲ, ಬ್ರೆಡ್ಡೇ ಆಗಬೇಕು, ನಾನೇ ಮಾಡಬೇಕು ಅಂತಿದ್ದರೆ ಓವನ್‌ಗೆ ಹಿಡಿಯುವಷ್ಟೇ ಕಲಸಿ. ಅದೂ ಡಿಸೆಂಬರಲ್ಲಿ.