ಖಯಾಲ್ ಕೇಳಿದ್ರ ನಿದ್ದಿ, ರ‍್ಯಾಪ್ ಕೇಳಿದ್ರ ತಲಿನೋವು ಅಂದ ಅಕ್ಕಾರಿಗೆ

ಅಕ್ಕಾರ, ಹಳೇ ಸಿನಿಮಾ ಹಾಡು, ಭಾವಗೀತೆ ಬಿಟ್ರ ಬ್ಯಾರೆ ಏನೂ ಕಿವಿಗೆ ಹಿಡಸವಲ್ದು, ಹಿಂದೂಸ್ತಾನಿ ಹಚ್ಚಿದ್ರ ಐದ್ ನಿಮಿಷಕ್ಕ ನಿದ್ದಿ, ಮಗನ ರ‍್ಯಾಪ್ ಅಂತೂ ಜಗಳ ಕೇಳಿದಂಗ ಆಗ್ತೈತಿ ಅಂತ ಬರ್ದೀರಿ. ಕೆಳಗ ಹತ್ತು ಮಂದಿ ಹತ್ತು ಲಿಂಕ್ ಹಾಕ್ಯಾರ, ಅವನ್ನ ಸದ್ಯ ಬಿಡ್ರಿ. ಮೊದ್ಲು ಇದು ಹೇಳ್ರಿ, ನೀವು ಇದನ್ನೆಲ್ಲಾ ಕೇಳೋದು ಅಡಿಗಿಮನ್ಯಾಗ ಮೊಬೈಲ್ ಸ್ಪೀಕರ್‌ನಾಗ ಹೌದಲ್ಲ?

ನಾನು ಸಿಂಧನೂರಾಗ ಇಪ್ಪತ್ತಾರು ವರ್ಷದಿಂದ ಮೈಕ್ ಸೆಟ್ ನಡಸಾಂವ. ನಾ ಏನು ಕೇಳಬೇಕು ಅನ್ನೋದು ಬಾಡಿಗಿಗೆ ಕರದೋರ ಕೈಯಾಗ. ಆಂಧ್ರ ಕ್ಯಾಂಪಿನ ಮದವ್ಯಾಗ ತೆಲುಗು ಹಾಡು, ಉರುಸಿನಾಗ ರಾತ್ರಿಯೆಲ್ಲಾ ಕವ್ವಾಲಿ, ಬಂಗಾಲಿ ಕ್ಯಾಂಪಿಗೆ ದುರ್ಗಾ ಪೂಜಾಕ್ಕ ಹೋದ್ರ ಖೋಲ್ ಬಡಕೊಂತ ಕೀರ್ತನ, ಮಠದಾಗ ವಚನ, ತತ್ವಪದ. ಹಿಡಸ್ಲಿ ಬಿಡ್ಲಿ, ಮಿಕ್ಸರ್ ಮುಂದ ಕುಂತಾಂವ ಎದ್ದು ಹೋಗಾಕ ಬರಂಗಿಲ್ಲ.

ಶುರುವಿನ ವರ್ಷದಾಗ ಒಂದು ಮಠದ ಸಂಗೀತ ಕಾರ್ಯಕ್ರಮದಾಗ ನನ್ನ ಮರ್ಯಾದಿ ಹೋತು. ಹಾಡಾಕ ಶುರು ಮಾಡಿದ ಕೂಡ್ಲೆ ಬಾಕ್ಸಿನಾಗ ಗುಂಯ್ ಅಂತ ಬರಾಕ ಹತ್ತಿತು, ನಾ ಅರ್ಥಿಂಗ್ ಹೋಗೈತಿ ಅನ್ಕೊಂಡು ವೈರ್ ಅಲ್ಲಾಡಿಸಿದೆ, ಜ್ಯಾಕ್ ತಗದು ಹಾಕಿದೆ, ಕಡೀಕ ಯಾವ ಮೈಕಿಂದ ಬರ್ತೈತಿ ಅಂತ ಹುಡುಕಿ ಅದನ್ನ ಪೂರ್ತಿ ಇಳಿಸಿಬಿಟ್ಟೆ. ಹಾಡೋರು ನಿಲ್ಲಿಸಿ ನನ್ನ ಕಡೆ ತಿರುಗಿ ನೋಡಿದ್ರು. ಅದು ತಂಬೂರಿ ಮೈಕ್! ಬಯ್ಯಲಿಲ್ಲ ಪುಣ್ಯಾತ್ಮರು, ಕಾರ್ಯಕ್ರಮ ಮುಗದ ಮ್ಯಾಲ ಕರದು ತಂಬೂರಿ ಬುರುಡೆಗೆ ಕಿವಿ ಹಚ್ಚಿ ಕುಂಡ್ರಿಸಿದ್ರು. ನಾಕೇ ತಂತಿ, ಒಳಗ ನೋಡಿದ್ರ ಜೇನುಗೂಡು.

ಆ ಖರ್ಜದ ದನಿ, ಅಂದ್ರ ತಂಬೂರಿಯ ಕೆಳಗಿನ ಸಾ, ಮೊಬೈಲ್ ಸ್ಪೀಕರ್‌ನಾಗ ಬರೂದೇ ಇಲ್ಲ ಅಕ್ಕಾರ, ಅದಕ್ಕ ಕೆಳಗಿನ ದನಿ ತಗಿಯೋ ತಾಕತ್ತಿಲ್ಲ. ರ‍್ಯಾಪಿಗೂ ಅದೇ ಕತಿ. ರ‍್ಯಾಪ್ ನಿಂತಿರೂದೇ ಡ್ರಮ್ ಮತ್ತ ಬೇಸ್ ಮ್ಯಾಲ, ಅದನ್ನ ತಗದ್ರ ಬರೇ ಬಾಯಿ ಉಳೀತೈತಿ, ಜಗಳ ಅನಸದ ಇನ್ನೇನ್ರಿ. ಹೆಡ್‌ಫೋನ್ ಹಾಕ್ಕೊಂಡು ಒಮ್ಮೆ ಕೇಳ್ರಿ, ಡ್ರಮ್ಮಿಗೆ ತಲಿ ಅಲ್ಲಾಡಿಸ್ಕೊಂತ ಪ್ರಾಸ ಎಲ್ಲಿ ಬೀಳ್ತೈತಿ ನೋಡ್ರಿ. ನಮ್ಮ ಹಳೇ ಕಾವ್ಯದಾಗ ಪ್ರಾಸ ಸಾಲಿನ ಎರಡನೇ ಅಕ್ಷರಕ್ಕ, ಇವರದು ಹೆಚ್ಚಾಗಿ ಸಾಲಿನ ಕೊನೀಗೆ, ಅಷ್ಟೇ. ಮುದಗಲ್ ಮೊಹರಂನಾಗ ರಿವಾಯತ್ ಪದ ಕೇಳಿರಬೇಕಲ್ಲ, ಒಬ್ಬಾಂವ ಎತ್ತಿದ್ದನ್ನ ಉಳದೋರು ಹೆಜ್ಜಿ ಮ್ಯಾಲ ಹಿಡಿಯೋದು, ಅದನ್ನ ಕೇಳಿದ ಕಿವಿಗೆ ಇದೇನು ಪರಕೀಯ ಅಲ್ಲ ಬಿಡ್ರಿ.

ಇನ್ನ ನಿದ್ದಿ ವಿಚಾರ. ನೀವು ಬಡಾ ಖಯಾಲದಿಂದ, ಅಂದ್ರ ಹಿಂದೂಸ್ತಾನಿ ಗಾಯನದಾಗ ಮೊದ್ಲು ನಿಧಾನಕ್ಕ ಹಾಡೋ ಭಾಗದಿಂದ, ಶುರು ಮಾಡೀರಿ ಅನಸ್ತೈತಿ. ಅದಕ್ಕ ಹೆಚ್ಚಾಗಿ ಹಿಡಿಯೋ ತಾಳ ವಿಲಂಬಿತ (ನಿಧಾನದ) ಏಕತಾಲ, 12 ಮಾತ್ರೆ, ಅಂದ್ರ ತಾಳದ 12 ಎಣಿಕಿ, ಅದನ್ನ ಎಷ್ಟು ಎಳೀತಾರಂದ್ರ ಒಂದು ಸುತ್ತು ಮುಗಿಯಾಕ ಅರ್ಧ ನಿಮಿಷದ ಮ್ಯಾಲೇ ಹಿಡೀತೈತಿ, ಹೊಸಬ್ರಿಗೆ ತಾಳ ಐತಿ ಅನ್ನೋದೇ ತಿಳಿಯಂಗಿಲ್ಲ. ಅದಕ್ಕ ರೆಕಾರ್ಡಿಂಗ್ ಹಿಂದಿನಿಂದ ಕೇಳ್ರಿ. ಕಡೇ ಹತ್ತು ನಿಮಿಷದಾಗ ಛೋಟಾ ಖಯಾಲ ಇರ್ತೈತಿ, ಅದರ ತಾಳ ಹೆಚ್ಚಾಗಿ ತೀನ್‌ತಾಲ, 16 ಮಾತ್ರೆ, ಬಿರುಸು. ಹಾಡೋರು ಎಲ್ಲೆಲ್ಲಿ ಸುತ್ತಾಡಿದ್ರೂ ಹಾಡಿನ ಅದೇ ತುಂಡು ಹಿಡಕೊಂಡು ಸಮ್ಮಿಗೆ, ಅಂದ್ರ ತಾಳದ ಮೊದಲನೇ ಮಾತ್ರೆಗೆ, ಬಂದು ಬೀಳ್ತಾರ, ಆ ಬೀಳೋ ಜಾಗ ಎರಡು ಸಲ ಸಿಕ್ಕಿತಂದ್ರ ಮೂರನೇ ಸಲ ನೀವೇ ತೊಡಿ ತಟ್ಟಿ ಕಾಯ್ತೀರಿ.

ಅದೂ ಭಾರ ಅನಸಿದ್ರ ವಚನದಿಂದ ಹೋಗ್ರಿ. ನಮ್ಮ ರಾಯಚೂರಿನ ರಂಗಮಂದಿರಕ್ಕ ಹೆಸರು ಇಟ್ಟಾರಲ್ಲ, ಪಂಡಿತ್ ಸಿದ್ಧರಾಮ ಜಂಬಲದಿನ್ನಿ, ಅವರ ವಚನ, ಮಲ್ಲಿಕಾರ್ಜುನ ಮನಸೂರರ ವಚನ. ಮಾತು ಗೊತ್ತಿದ್ದದ್ದೇ, ಆದ್ರ ನಡಬರಕ ಬರೋ ಆಲಾಪ, ತಾನ್ (ಬಿರುಸಾಗಿ ಓಡೋ ಸ್ವರ) ಎಲ್ಲಾ ಹಿಂದೂಸ್ತಾನಿ. ದಾಸರ ಪದಕ್ಕ ಭೀಮಸೇನ ಜೋಶಿ ಇದ್ದೇ ಇದ್ದಾರ. ಅಲ್ಲಿಂದ ಕರ್ನಾಟಕ ಸಂಗೀತಕ್ಕೂ ದಾಟಬಹುದು, ಕರ್ನಾಟಕದವರ ಮೋಹನ ರಾಗ ಹಿಂದೂಸ್ತಾನಿಯವರ ಭೂಪ, ಅವರ ಹಿಂದೋಳ ಇವರ ಮಾಲ್‌ಕೌಂಸ್, ಸ್ವರ ಅವೇ. ತೋಡಿ ಅಂತ ಹುಡುಕುವಾಗ ಮಾತ್ರ ಹುಷಾರು, ಕರ್ನಾಟಕದ ತೋಡಿಯ ಸ್ವರ ಇವರ ಭೈರವಿಗೆ ಕೂಡ್ತಾವ, ಇವರ ತೋಡಿಗೆ ಅಲ್ಲ, ನಾ ಒಂದು ತಿಂಗಳು ತಲಿ ಕೆಡಿಸ್ಕೊಂಡಿದ್ದೆ.

ಎಲ್ಲಾ ಹಿಡಸಬೇಕು ಅಂತೇನಿಲ್ಲ ಮತ್ತ. ಆ ಹೆವಿ ಮೆಟಲ್ ಅಂತಾರಲ್ಲ, ನಮ್ಮ ಹುಡುಗ ಹಚ್ಚಿದ್ರ ನನ್ನ ಕೈ ತಾನಾಗೇ ವಾಲ್ಯೂಮ್ ಕಡೆ ಹೋಗ್ತೈತಿ. ಸೌಂಡ್ ಒಡೀಬಾರ್ದು ಅಂತ ಜೀವಮಾನ ಎಲ್ಲಾ ಆಂಪ್ಲಿ ಕಾದಾಂವ ನಾನು, ಅವರು ಬೇಕಂತಲೇ ಗಿಟಾರಿನ ಸೌಂಡ್ ಒಡಸ್ತಾರ! ಆರು ತಿಂಗಳಿಗೊಮ್ಮೆ ಒಂದು ಹಾಡು ಕೇಳ್ತೀನಿ, ಇನ್ನೂ ಒಗ್ಗಿಲ್ಲ.

ಈ ಐತವಾರ ಮಗನ ಹೆಡ್‌ಫೋನೇ ಇಸ್ಕೊಂಡು ಮೊದ್ಲು ಅವನ ಒಂದು ಹಾಡು, ಆಮ್ಯಾಲ ಜಂಬಲದಿನ್ನಿಯವರ ಒಂದು ವಚನ ಕೇಳ್ರಿ. ಊಟ ಆದ ಮ್ಯಾಲ ಬ್ಯಾಡ, ಊಟಕ್ಕ ಮುಂಚೆ. ನಿದ್ದಿ ಬಂತಾ ಇಲ್ಲಾ ಇಲ್ಲೇ ಬರೀರಿ.