ಟ್ಯೂಬಿನಲ್ಲಿ ಲೋಳೆ ಕಟ್ಟುತ್ತಿದೆ, ಏನು ಮಾಡಲಿ?

ಪ್ರಶ್ನೆ: ಮಗಳಿಗೆ ಏಳು ವರ್ಷ, ತೂಕ 20 ಕೆಜಿ. ಹುಟ್ಟಿನಿಂದಲೇ ಸ್ಪೈನಾ ಬೈಫಿಡಾ, ಅಂದರೆ ಬೆನ್ನುಮೂಳೆ ಪೂರ್ತಿ ಮುಚ್ಚಿಕೊಂಡಿರಲಿಲ್ಲ. ಮೂತ್ರಕೋಶ ಚಿಕ್ಕದೆಂದು ಕರುಳಿನ ತುಂಡು ಸೇರಿಸಿ ದೊಡ್ಡದು ಮಾಡಿದ್ದಾರೆ. ಕೆಳಹೊಟ್ಟೆಗೆ ಟ್ಯೂಬ್ ಇದೆ. ಮೂತ್ರದಲ್ಲಿ ಬಿಳಿ ಲೋಳೆ ಬರುತ್ತದೆ. ಮೊನ್ನೆ ರಾತ್ರಿ ಟ್ಯೂಬ್ ಕಟ್ಟಿಕೊಂಡು ಆಸ್ಪತ್ರೆಗೆ ಓಡಿದೆವು. ಮತ್ತೆ ಹಾಗಾಗದಂತೆ ಏನು ಮಾಡಲಿ?
- ಒಬ್ಬ ತಾಯಿ, ಹಾವೇರಿ

ಉತ್ತರ: 'ಸಿಸ್ಟರ್, ಇದು ಕೀವಾ?' ಅಂತ ನಮ್ಮ ವಾರ್ಡಿನಲ್ಲಿ ಎಲ್ಲ ತಾಯಂದಿರೂ ಕೇಳುತ್ತಾರೆ. ಕೀವಲ್ಲಮ್ಮ. ಲೋಳೆ ಸುರಿಸುವುದು ಕರುಳಿನ ಹುಟ್ಟುಗುಣ. ಮೂತ್ರಕೋಶಕ್ಕೆ ಹೊಲಿದರೂ ಚಾಳಿ ಬಿಡುವುದಿಲ್ಲ.

ಅದಕ್ಕೇ ಟ್ಯೂಬ್ ಕಟ್ಟುವ ತನಕ ಕಾಯಬಾರದು. ಮೂತ್ರ ಸಲೀಸಾಗಿ ಬರುತ್ತಿದ್ದರೂ ಟ್ಯೂಬಿನ ಮೂಲಕ ಮೂತ್ರಕೋಶವನ್ನು ದಿನಾ ತೊಳೆಯಬೇಕು. ಎಷ್ಟು ಸಲ, ಎಷ್ಟು ಎಂಎಲ್ ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಇಲ್ಲದಿದ್ದರೆ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಪಕ್ಕದ ಮನೆಯವರ ಲೆಕ್ಕ ಬೇಡ. ಮೆಡಿಕಲ್ ಶಾಪಿನಲ್ಲಿ ಸಿಗುವ 0.9% ನಾರ್ಮಲ್ ಸಲೈನ್ ತನ್ನಿ. ಕೈಗೆ ಚೆನ್ನಾಗಿ ಸೋಪು ಹಾಕಿ ತೊಳೆದು, ಸಿರಿಂಜನ್ನು ನಿಧಾನ ಒತ್ತಿ, ಅಷ್ಟೇ ಮೆಲ್ಲಗೆ ಹಿಂದಕ್ಕೆ ಎಳೆಯಿರಿ. ಮೊದಲು ಗಂಜಿ ತಿಳಿಯಂತೆ ಬರುತ್ತದೆ, ನಡುವೆ ಒಂದೆರಡು ಅಂಟು ಎಳೆ. ತಿಳಿಯಾಗುವವರೆಗೆ ಮಾಡಿ. ಸಲೈನ್ ಒಳಗೆ ಹೋಗದಿದ್ದರೆ ಮಾತ್ರ ಬಲ ಹಾಕಲೇಬೇಡಿ. ಒಳಗಿನ ಹೊಲಿಗೆ ಇನ್ನೂ ಹಸಿ.

ಎಲ್ಲದಕ್ಕೂ ಲೋಳೆಯನ್ನೇ ದೂರಬೇಡಿ. ಎಷ್ಟೋ ಸಲ ಮಗು ಟ್ಯೂಬಿನ ಮೇಲೇ ಮಲಗಿರುತ್ತದೆ, ಇಲ್ಲವೇ ಚಡ್ಡಿಯ ಎಲಾಸ್ಟಿಕ್ ಅದನ್ನು ಒತ್ತಿರುತ್ತದೆ. ಬ್ಯಾಗ್ ಸದಾ ಹೊಟ್ಟೆಗಿಂತ ಕೆಳಗಿರಲಿ, ಪೂರ್ತಿ ತುಂಬುವ ಮೊದಲೇ ಖಾಲಿ ಮಾಡಿ. ನೀರು ಚೆನ್ನಾಗಿ ಕುಡಿಸಿ. ಈ ಮಕ್ಕಳಿಗೆ ಮಲಬದ್ಧತೆ ಜಾಸ್ತಿ. ಹೊಟ್ಟೆ ಕಟ್ಟಿದರೆ ಮೂತ್ರಕೋಶ ಹಿಂಡಿಕೊಂಡು ಟ್ಯೂಬಿನ ಪಕ್ಕದಿಂದ ಮೂತ್ರ ಸೋರುತ್ತದೆ. ಅದಕ್ಕೂ ಔಷಧಿ ಕೇಳಿ.

20 ಕೆಜಿ ಮಗುವಿಗೆ ಗಂಟೆಗೆ ಸುಮಾರು 20 ಎಂಎಲ್ ಆದರೂ ಮೂತ್ರ ಬರಬೇಕು. ಎರಡು ಗಂಟೆ ಬ್ಯಾಗಿಗೆ ಏನೂ ಇಳಿದಿಲ್ಲ, ಕೆಳಹೊಟ್ಟೆ ಬಿಗಿದಿದೆ ಅಂದರೆ ಟ್ಯೂಬ್ ಎಲ್ಲಾದರೂ ಮಡಚಿದೆಯಾ ನೋಡಿ, ಒಮ್ಮೆ ಮೆಲ್ಲಗೆ ತೊಳೆಯಿರಿ. ಆಗಲೂ ಬರದಿದ್ದರೆ ಬೆಳಗಾಗಲಿ ಅನ್ನಬೇಡಿ, ಹೊರಡಿ. ಜ್ವರ, ವಾಂತಿ, ಜೋರು ಹೊಟ್ಟೆನೋವು ಇದ್ದರೆ ತೊಳೆಯಲೂ ಹೋಗದೆ ನೇರ ಆಸ್ಪತ್ರೆಗೇ.

ಇನ್ನೊಂದು ಮಾತು, ನೀವು ಕೇಳಿಲ್ಲ. ಸ್ಪೈನಾ ಬೈಫಿಡಾ ಇರುವ ಮಕ್ಕಳಲ್ಲಿ ಲೇಟೆಕ್ಸ್ (ಒಂದು ಬಗೆಯ ರಬ್ಬರ್) ಅಲರ್ಜಿ ಹೆಚ್ಚು. ಯಾವ ಆಸ್ಪತ್ರೆಗೆ ಹೋದರೂ ಟ್ಯೂಬ್ ಸಿಲಿಕಾನ್‌ದೇ ಇರಲಿ, ಲೇಟೆಕ್ಸ್ ಗ್ಲೌಸ್ ಬೇಡ ಅಂತ ಮೊದಲೇ ಹೇಳಿಬಿಡಿ. ಹುಟ್ಟುಹಬ್ಬಕ್ಕೆ ರಬ್ಬರ್ ಬಲೂನೂ ಬೇಡ.