ಕುಬಸದವರೆಗೆ ಕಾಯಬೇಡಿ

ಆಳಂದದಿಂದ ಒಬ್ಬ ತಂಗಿ ಪತ್ರ ಬರೆದಿದ್ದಾರೆ. ಚೊಚ್ಚಲು, ಈಗ ಮೂರು ತಿಂಗಳು. ಅತ್ತೆಗೆ ಕಲಬುರಗಿಯ ಹೆಸರಾದ ಡಾಕ್ಟರೇ ಬೇಕು, ಗಂಡನಿಗೆ ಲೇಡಿ ಡಾಕ್ಟರೇ ಬೇಕು. ಹೆರಿಗೆ ಮಾತ್ರ ತವರೂರು ಶಹಾಪುರದಲ್ಲಿ. ‘ಕುಬಸ (ಸೀಮಂತ) ಮುಗಿಸಿ ಹೋದ ಮೇಲೆ ಅಲ್ಲಿ ಯಾರನ್ನಾದರೂ ನೋಡಿಕೊಂಡರಾಯ್ತು, ಈಗ ಯಾರ ಹತ್ರ ತೋರಿಸಲಿ ಮೇಡಂ?’ ಅಂತ ಕೇಳಿದ್ದಾರೆ.

ತಂಗೀ, ನನಗೆ ಚಿಂತೆ ಹತ್ತಿದ್ದೇ ಆ ‘ಯಾರನ್ನಾದರೂ’ ಅನ್ನೋ ಮಾತಿಗೆ. ಹೆರಿಗೆ ಮಾಡಿಸೋ ಡಾಕ್ಟರನ್ನ ಮೊದಲು ಗೊತ್ತು ಮಾಡಿಕೊಳ್ಳಿ. ತಿಂಗಳ ತಪಾಸಣೆ ಆಳಂದದಲ್ಲೇ ಆಗಲಿ, ಅದಕ್ಕಾಗಿ ಪ್ರತಿ ಸಲ ಕಲಬುರಗಿಗೆ ಬಸ್ಸಿನಲ್ಲಿ ಕುಲುಕಾಡಿಕೊಂಡು ಹೋಗಬೇಕಿಲ್ಲ. ಆದರೆ ಅಮ್ಮನ ಮನೆಗೆ ಹೋದಾಗ ಒಂದು ಸಲ ಅಲ್ಲಿನ ಡಾಕ್ಟರಿಗೂ ತೋರಿಸಿ ಬನ್ನಿ. ತಾಯಿ ಕಾರ್ಡು, ಸ್ಕ್ಯಾನಿಂಗ್, ರಕ್ತದ ರಿಪೋರ್ಟು ಎಲ್ಲ ಒಂದೇ ಫೈಲಿನಲ್ಲಿರಲಿ.

ನನ್ನ ಮೊದಲ ಹೆರಿಗೆಗೆ ನಾನೂ ಹೆಸರು ನೋಡಿಯೇ ಹೋಗಿದ್ದೆ. ನೋವು ಶುರುವಾದ ರಾತ್ರಿ ಡಾಕ್ಟರು ಊರಲ್ಲಿರಲಿಲ್ಲ, ಅವರ ಬದಲಿಗೆ ನೋಡುವವರೂ ಇರಲಿಲ್ಲ, ಆ ನೋವಿನಲ್ಲೇ ನನ್ನನ್ನ ಬೇರೆ ಆಸ್ಪತ್ರೆಗೆ ಸಾಗಿಸಿದರು. ಅದಕ್ಕೇ ಹೇಳ್ತೀನಿ, ಬಾಯಿಬಿಟ್ಟು ಕೇಳಿ: ರಾತ್ರಿ ಎರಡಕ್ಕೆ ಬಂದರೆ ಯಾರಿರುತ್ತಾರೆ? ಸಿಸೇರಿಯನ್ ಮಾಡಬೇಕಾದರೆ ಅರಿವಳಿಕೆ ಡಾಕ್ಟರು ಎಲ್ಲಿಂದ ಬರಬೇಕು? ರಕ್ತ ಎಲ್ಲಿಂದ? ಮಗುವಿಗೆ ತೊಂದರೆಯಾದರೆ ಎಲ್ಲಿಗೆ ಕಳಿಸುತ್ತೀರಿ? ಇಷ್ಟು ಕೇಳಿದ್ದಕ್ಕೆ ರೇಗುವ ಡಾಕ್ಟರು ಎಷ್ಟೇ ದೊಡ್ಡವರಾಗಿರಲಿ, ನಿಮಗೆ ಬೇಡ. ಬೋರ್ಡಿನಲ್ಲಿ ಹೆಸರಿನ ಮುಂದೆ ಹೆರಿಗೆ-ಸ್ತ್ರೀರೋಗ ವಿಷಯದ ಎಂ.ಎಸ್., ಡಿ.ಜಿ.ಓ. ಅಥವಾ ಡಿ.ಎನ್.ಬಿ. ಓದಿನ ಗುರುತು ಇದೆಯಾ ಅಂತಲೂ ನೋಡಿ. ಖಾಸಗಿ ಆಸ್ಪತ್ರೆಯಾದರೆ ದರದ ಪಟ್ಟಿ ಕಾಣುವಂತೆ ಹಾಕಿರಬೇಕು, ಅದು ಕಾನೂನು.

ಲೇಡಿ ಡಾಕ್ಟರ ಹತ್ತಿರ ಮನಸ್ಸು ಬಿಚ್ಚಿ ಮಾತಾಡಬಹುದು ಅನ್ನೋದಾದರೆ ಅವರನ್ನೇ ಆರಿಸಿ. ಆದರೆ ಅದು ನಿಮ್ಮ ಮನಸ್ಸಿನ ಮಾತಾಗಲಿ, ಗಂಡನದ್ದಲ್ಲ. ಡ್ಯೂಟಿಯಲ್ಲಿ ಗಂಡಸು ಡಾಕ್ಟರಿದ್ದರೂ ಹೆದರಬೇಡಿ, ಪರೀಕ್ಷೆ ಮಾಡುವಾಗ ನರ್ಸು ಪಕ್ಕದಲ್ಲಿರಲಿ ಅಂತ ಹೇಳಿ.

ಸರ್ಕಾರಿ ಆಸ್ಪತ್ರೆ ಅಂದರೆ ಮೂಗು ಮುರೀಬೇಡಿ. ಅಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ ಎಲ್ಲ ಉಚಿತ, 2011ರಿಂದಲೂ ಇದೆ. ಕಲಬುರಗಿ, ಬೀದರ, ಯಾದಗಿರಿ ಮೂರೂ ಕಡೆ ಈಗ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಬಿ.ಪಿ. ಏರಿದರೆ, ರಕ್ತ ತುಂಬಾ ಕಡಿಮೆಯಾದರೆ ಅಂಥ ದೊಡ್ಡ ಆಸ್ಪತ್ರೆಯೇ ವಾಸಿ.

ಇನ್ನೊಂದು, ಹಿಮೋಗ್ಲೋಬಿನ್. ನಮ್ಮ ಕಡೆ ರಕ್ತ ಕಡಿಮೆ ಇರುವ ಬಸುರಿಯರು ಜಾಸ್ತಿ, ನೀವು ಪತ್ರದಲ್ಲಿ ‘ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತೆ’ ಅಂತಲೂ ಬರೆದಿದ್ದೀರಿ. ಸುಮ್ನೆ ಬಿಡಬೇಡಿ, ಈ ವಾರವೇ ಡಾಕ್ಟರಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಿ. 11ಕ್ಕಿಂತ ಕೆಳಗಿದ್ದರೆ ಚಿಕಿತ್ಸೆ ಬೇಕೇ ಬೇಕು. ರಕ್ತಸ್ರಾವ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಆಮೇಲಿನ ತಿಂಗಳುಗಳಲ್ಲಿ ಮಗುವಿನ ಓಡಾಟ ಕಡಿಮೆಯಾಗುವುದು, ಇವಕ್ಕೆಲ್ಲ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ನಾಲ್ಕನೇ ತಿಂಗಳಿನಿಂದ ಪ್ರತಿ 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತೆ. ಮುಂದಿನ 9ಕ್ಕೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ರಕ್ತ ಎಷ್ಟಿದೆ ಅಂತ ನನಗೂ ಎರಡು ಸಾಲು ಬರೆಯಿರಿ, ಕಾಯ್ತಿರ್ತೀನಿ.

– ಸಂಪಾದಕಿ